ಕಾಣುವದೂ ತಿಳಿಯುವದೂ

ಉಪಕರಣವು ಬಲಿಷ್ಠವಾದಷ್ಟೂ ಅದನ್ನು ಹಿಡಿದವನ ಹೊಣೆಯು ಕುಗ್ಗುವದೋ ಹಿಗ್ಗುವದೋ ಎಂಬ ಪ್ರಶ್ನೆಯು ಬಹು ಹಳೆಯದು. ಅದನ್ನು ವಿಚಾರಿಸುವದಕ್ಕೆ ದೊಡ್ಡ ಯಂತ್ರಗಳ ಉದಾಹರಣೆಯೇ ಬೇಕೆಂದಿಲ್ಲ. ಒಂದು ಸಣ್ಣ ರೈಫಲ್ಲು, ಅದರ ನಳಿಗೆಯ ಮೇಲೆ ಕೂಡ್ರಿಸುವ ಗೇಣುದ್ದದ ದೂರದರ್ಶಕ, ಇಷ್ಟು ಸಾಕು. ಯಾವ ದೂರದರ್ಶಕವನ್ನು ಆರಿಸಬೇಕೆಂಬದು ಮೇಲುನೋಟಕ್ಕೆ ಅಂಗಡಿಯಲ್ಲಿ ತೀರುವ ಮಾತು. ಒಳಹೊಕ್ಕು ನೋಡಿದರೆ ಅದು ಧರ್ಮಾಧರ್ಮಗಳ ಮಾತಾಗಿ ತೋರುವದು.

ಜನರು 'ಪಾಯಿಂಟ್ ಟೂಟೂ' ಎಂದು ಕರೆಯುವ ಈ ರೈಫಲ್ಲಿನ ತೋಟೆಯಲ್ಲಿ ಸಿಡಿಮದ್ದು ಹಿಂಬದಿಯ ಅಂಚಿನೊಳಗೇ ಇರುವದರಿಂದ ಅದಕ್ಕೆ ರಿಮ್‌ಫೈರ್ ಎಂಬ ಹೆಸರು ಬಂದಿದೆ. ಈಗ ಎಲ್ಲೆಡೆಯೂ ಬಳಕೆಯಲ್ಲಿರುವ 'ಲಾಂಗ್ ರೈಫಲ್' ತೋಟೆಯು 1887ರಲ್ಲಿ ಅಮೇರಿಕೆಯಲ್ಲಿ ಹುಟ್ಟಿತು. ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನು, ಎಂದರೆ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು. ಸದ್ದು ಕಡಿಮೆ; ಭುಜಕ್ಕೆ ಒದೆತವು ಇಲ್ಲವೆಂಬಷ್ಟು ಅಲ್ಪ. ಆದಕಾರಣವೇ ಇದು ಆಟಿಕೆಯೆಂಬ ಭ್ರಾಂತಿಯು ಸುಲಭವಾಗಿ ಉಂಟಾಗುವದು. ಆದರೆ ಇದೇ ಗುಂಡು ತಡೆಯಿಲ್ಲದಿದ್ದರೆ ಒಂದು ಮೈಲಿಗಿಂತಲೂ ದೂರ ಹೋಗಬಲ್ಲದು. ಕಲ್ಲಿಗೋ ನೀರಿಗೋ ತಾಗಿದರೆ ಪುಟಿದು ಬೇರೆ ದಿಕ್ಕು ಹಿಡಿಯಬಲ್ಲದು.

ಕೊಳ್ಳುವವನ ಮನಸ್ಸಿಗೆ ಮೊದಲು ತೋರುವ ನ್ಯಾಯವು ಸರಳವಾದದ್ದು: ಹೆಚ್ಚು ಹಿಗ್ಗಿಸಿ ತೋರಿಸುವದೇ ಹೆಚ್ಚು ಒಳ್ಳೆಯದು, ನಾಲ್ಕು ಮಡಿಗಿಂತ ಹನ್ನೆರಡು ಮಡಿ ಮೇಲು. ಈ ನ್ಯಾಯವು ನಿಲ್ಲುವದೋ ಎಂಬದನ್ನು ಹುಲಗೋಳದ ಸುತ್ತಣ ಅಡಿಕೆಯ ತೋಟವೊಂದರಲ್ಲಿ ಪರೀಕ್ಷಿಸಬಹುದು. ಹನ್ನೆರಡು ಮಡಿ ಹಿಗ್ಗಿಸುವ ದೂರದರ್ಶಕದಲ್ಲಿ 100 ಗಜ ದೂರದ ನೆಲವು ಸುಮಾರು 10 ಅಡಿಯ ಅಗಲದಷ್ಟು ಮಾತ್ರ ಕಾಣುವದು. 50 ಗಜಕ್ಕೆ ಅದರ ಅರ್ಧ, 5 ಅಡಿ. ತೋಟದಲ್ಲಿ ಅಡಿಕೆಯ ಮರದಿಂದ ಮರಕ್ಕೆ ಸುಮಾರು 9 ಅಡಿ ಅಂತರವಿರುವದು. ಅಂದಮೇಲೆ ಎರಡು ಮರಗಳ ನಡುವಣ ಎಡೆಯೂ ಆ ಮಸೂರದಲ್ಲಿ ಪೂರ್ತಿಯಾಗಿ ಹಿಡಿಸದು. ನಾಲ್ಕು ಮಡಿಯದರಲ್ಲಿಯಾದರೋ ಅದೇ 50 ಗಜಕ್ಕೆ ಹನ್ನೆರಡರಿಂದ ಹದಿನೈದು ಅಡಿ ಕಾಣುವದು: ಎರಡು ಮರ, ಅವುಗಳ ನಡುವೆ ಇರುವದು, ಪಕ್ಕದಲ್ಲಿ ಬರುತ್ತಿರುವದು.

ಬೆಳಕಿನ ಲೆಕ್ಕವೂ ಹೀಗೆಯೇ. ಮುಂದಿನ ಮಸೂರದ ವ್ಯಾಸವನ್ನು ಮಡಿಯಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಳತೆಯು ದೊರೆಯುವದು. 32 ಮಿಲಿಮೀಟರಿನ ಮಸೂರಕ್ಕೆ ನಾಲ್ಕು ಮಡಿಯಾದರೆ 8 ಮಿಲಿಮೀಟರು. ಹನ್ನೆರಡು ಮಡಿಯಾದರೆ ಮೂರಕ್ಕೂ ಕಡಿಮೆ. ಮಬ್ಬಿನಲ್ಲಿ ಮನುಷ್ಯನ ಕಣ್ಣಪಾಪೆಯು 5ರಿಂದ 7 ಮಿಲಿಮೀಟರಿನಷ್ಟು ಅರಳಿ ಬೆಳಕನ್ನು ಬೇಡುತ್ತಿರುವಾಗ, ದೊಡ್ಡದಾಗಿ ತೋರಿಸುವ ಉಪಕರಣವು ಕತ್ತಲೆಯನ್ನೇ ದೊಡ್ಡದು ಮಾಡಿ ಕೊಡುವದು. ಇಷ್ಟೇ ಅಲ್ಲ, ಮಡಿಯು ಏರಿದಂತೆ ಹಿಡಿದ ಕೈಯ ನಡುಕವೂ ಏರಿದಂತೆ ತೋರಿ, ಗುರಿಗೆರೆಯು ನಾಡಿಯ ಬಡಿತಕ್ಕೆ ಸರಿಯಾಗಿ ಕುಣಿಯತೊಡಗುವದು. ನಡುಕವು ಮೊದಲೂ ಇತ್ತು, ಈಗ ಕಂಡಿತು. ಉಪಕರಣವು ಹಿಡಿದವನ ದೋಷವನ್ನು ತೋರಿಸುವದಲ್ಲದೆ ಪರಿಹರಿಸುವದಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವದು. ದ್ರೋಣಾಚಾರ್ಯರು ಮರದ ಮೇಲಣ ಹಕ್ಕಿಯನ್ನು ತೋರಿಸಿ ಶಿಷ್ಯರನ್ನು ಪ್ರಶ್ನಿಸಿದಾಗ ಮರವನ್ನೂ ಗುರುವನ್ನೂ ಬಂಧುಗಳನ್ನೂ ಕಂಡವರು ಸೋತರು. ಹಕ್ಕಿಯ ತಲೆಯ ಹೊರತು ಮತ್ತೇನನ್ನೂ ಕಾಣದ ಅರ್ಜುನನು ಗೆದ್ದನು. ಹಾಗಾದರೆ ದೃಷ್ಟಿಯು ಸಂಕುಚಿತವಾದಷ್ಟೂ ಒಳ್ಳೆಯದಲ್ಲವೇ? ಈ ಕಥೆಯನ್ನು ಹೇಳುವವರು ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು. ಮಹಾಭಾರತದಲ್ಲಿ ಆ ಹಕ್ಕಿಯು ಜೀವವುಳ್ಳದ್ದಲ್ಲ. ಶಿಲ್ಪಿಗಳಿಂದ ಮಾಡಿಸಿ ಮರದ ತುದಿಯಲ್ಲಿ ಇರಿಸಿದ ಕೃತ್ರಿಮ ಪಕ್ಷಿ. ಗುರಿ ಯಾವದು, ಹೊಡೆಯಬಹುದೋ ಬಾರದೋ ಎಂಬ ವಿಚಾರವನ್ನು ಗುರುವು ಮೊದಲೇ ಮುಗಿಸಿದ್ದನು. ಶಿಷ್ಯನಿಗೆ ಉಳಿದದ್ದು ಏಕಾಗ್ರತೆಯೊಂದೇ. ವಿಚಾರವು ಮುಗಿದ ಮೇಲೆ ಏಕಾಗ್ರತೆಯು ಗುಣ. ವಿಚಾರಕ್ಕೆ ಮುಂಚಿನ ಏಕಾಗ್ರತೆಯು ಕುರುಡುತನ.

ಈ ಎರಡನೆಯದಕ್ಕೆ ರಾಮಾಯಣದಲ್ಲಿ ದಶರಥನೇ ಸಾಕ್ಷಿ. ಸರಯೂ ತೀರದ ಕತ್ತಲೆಯಲ್ಲಿ ಕೊಡ ತುಂಬುವ ಸದ್ದನ್ನು ಕೇಳಿ, ಆನೆಯೆಂದು ಬಗೆದು, ಶಬ್ದವೇಧಿಯಾದ ಬಾಣವನ್ನು ಬಿಟ್ಟನು. ಬಾಣವು ತಪ್ಪಲಿಲ್ಲ. ಅವನ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಅನುಮಾನದ ಹೇತುವಿನಲ್ಲಿ ಕೊರತೆಯಿತ್ತು. ಆನೆಯು ನೀರು ಹೀರಿದರೂ ಆ ಸದ್ದು, ಮುನಿಕುಮಾರನು ಕೊಡವನ್ನು ಮುಳುಗಿಸಿದರೂ ಆ ಸದ್ದು. ಇಂಥದನ್ನೇ ತಾರ್ಕಿಕರು ಸವ್ಯಭಿಚಾರ ಹೇತುವೆನ್ನುವರು. ಕುರುಡರಾದ ತಾಯಿತಂದೆಗಳು ಮಗನನ್ನು ಕಳೆದುಕೊಂಡರು; ರಾಜನು ಮುಂದೆ ಪುತ್ರಶೋಕದಿಂದಲೇ ಸತ್ತನು. ಗುರಿಯು ತಪ್ಪಿದ್ದರೆ ಎಲ್ಲರೂ ಬದುಕುತ್ತಿದ್ದರು.

ಮಲೆನಾಡಿನಲ್ಲಿ ಹಂದಿಯೆಂದು ಬಗೆದು ಮನುಷ್ಯನಿಗೆ ಗುಂಡು ಹೊಡೆದ ವಾರ್ತೆಗಳು ಇಂದಿಗೂ ನಿಂತಿಲ್ಲ. ಶಿರಸಿ ಸೀಮೆಯ ತೋಟವು ನಿರ್ಜನವಾದ ಕಾಡಲ್ಲ. ಮರದ ಮೇಲೆ ಕೊನೆಗೌಡನಿರುವನು. ಬುಡದಲ್ಲಿ ಉದುರಡಿಕೆ ಆರಿಸುವವರಿರುವರು. ಮೇಲಣ ಬೆಟ್ಟದಲ್ಲಿ ದರಕು ಗುಡಿಸುವವರಿರುವರು. ಕಾಲುದಾರಿಯಲ್ಲಿ ಶಾಲೆಯ ಮಕ್ಕಳು ಬರುವರು. ಮಳೆಗಾಲದ ಸಂಜೆಯಲ್ಲಿ ಕಂಬಳಿಕೊಪ್ಪೆ ಹಾಕಿ ಬಗ್ಗಿದ ಬೆನ್ನು, ಐದಡಿಯ ವೃತ್ತದೊಳಗೆ ಕಂಡಾಗ, ಹಂದಿಯ ಬೆನ್ನಿಗಿಂತ ಎಷ್ಟು ಬೇರೆ? ಮಂಗವಾದರೋ ಮರದ ತುದಿಯಲ್ಲಿ ಕುಳಿತಿರುವದು. ಅಲ್ಲಿಗೆ ಬಿಟ್ಟ ಗುಂಡು ಆಕಾಶವನ್ನು ಹಿಡಿದು, ಗುಡ್ಡವನ್ನು ದಾಟಿ, ಯಾರ ಅಂಗಳದಲ್ಲಿ ಇಳಿಯುವದೆಂಬದನ್ನು ಯಾವ ಮಸೂರವೂ ತೋರಿಸಲಾರದು.

"ನಿಶ್ಚಯಿಸಿಕೊಳ್ಳುವದಕ್ಕಾಗಿಯೇ ದೂರದರ್ಶಕವನ್ನು ಕೊಳ್ಳುವದಷ್ಟೇ?" ಎಂದು ಕೇಳಬಹುದು. ಈ ಪ್ರಶ್ನೆಯಲ್ಲಿಯೇ ಇಡೀ ವಿಷಯದ ಮರ್ಮವಿದೆ. ರೈಫಲ್ಲಿನ ಮೇಲಣ ದೂರದರ್ಶಕವು ನಳಿಗೆಗೆ ಬಿಗಿಯಲ್ಪಟ್ಟಿರುವದು. ಅದು ಎತ್ತ ನೋಡುವದೋ ನಳಿಗೆಯ ಬಾಯಿಯೂ ಅತ್ತಲೇ ಇರುವದು. ಅದರಿಂದ ಒಬ್ಬನನ್ನು ಮನುಷ್ಯನೆಂದು ಗುರುತಿಸಿದವನು, ಗುರುತಿಸುವ ಆ ಕ್ಷಣದಲ್ಲಿ ಅವನ ಎದೆಗೆ ಗುರಿಯಿಟ್ಟಾಗಿರುವದು. ಪ್ರಶ್ನೆಯ ರೂಪದಲ್ಲಿಯೇ ದಂಡವನ್ನು ಎತ್ತಿದಂತಾಯಿತು. ಆದುದರಿಂದ ತಿಳಿಯುವದಕ್ಕೆ ಬೇರೆ ಕಣ್ಣು ಬೇಕು, ಗುರಿಯಿಡುವದಕ್ಕೆ ಬೇರೆ ಕಣ್ಣು ಬೇಕು. ಮೊದಲನೆಯದಕ್ಕೆ ಬರಿಗಣ್ಣು, ಸಾಲದಿದ್ದರೆ ಕೊರಳಿಗೆ ತೂಗುಹಾಕಿದ ಸಾಧಾರಣ ದುರ್ಬೀನು. ತಿಳಿವಳಿಕೆಯು ಅಲ್ಲಿ ಪೂರ್ಣವಾದ ಮೇಲೆಯೇ ರೈಫಲ್ಲು ಭುಜಕ್ಕೆ ಏರತಕ್ಕದ್ದು.

ಇನ್ನೊಂದು ಆಕ್ಷೇಪವು ದಯೆಯ ಕಡೆಯಿಂದ ಬರುವದು: ಗುರಿಯು ಸ್ಪಷ್ಟವಾದರೆ ಪ್ರಾಣಿಯು ಅರೆಗಾಯದಿಂದ ನರಳುವದು ತಪ್ಪುವದು. ಇದು ಸತ್ಯ, ಇದನ್ನು ತಳ್ಳಿಹಾಕಕೂಡದು. ಆದರೆ ಹೇಗೆ ಹೊಡೆಯಬೇಕೆಂಬದಕ್ಕೆ ಇದು ಉತ್ತರವೇ ಹೊರತು ಹೊಡೆಯಬಹುದೇ ಎಂಬದಕ್ಕೆ ಉತ್ತರವಲ್ಲ. ಆ ಪ್ರಶ್ನೆಯನ್ನು ರಾಷ್ಟ್ರದ ಶಾಸನವು ಒಬ್ಬ ತೋಟಿಗನ ಸಿಟ್ಟಿಗೆ ಬಿಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿ, ಬೆಳೆಗೆ ಅಪಾಯವಾದಲ್ಲಿ ಅಧಿಕಾರಿಯ ಲಿಖಿತ ಆದೇಶವನ್ನು ಬೇಡುವದು. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಬೆಳೆಯ ರಕ್ಷಣೆಗೆಂದು ಹೆಸರಿಸಿದ್ದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಪಾಯಿಂಟ್ ಟೂಟೂ ರೈಫಲ್ಲನ್ನು 2019ರ ತಿದ್ದುಪಡಿಯ ವರೆಗೆ ಅದು ಹೆಸರಿಸಿದ್ದು ಮನ್ನಣೆ ಪಡೆದ ರೈಫಲ್ ಸಂಘದ ಸದಸ್ಯರ ಗುರಿಯಭ್ಯಾಸಕ್ಕೆಂದು. ಬೆಳೆ ಕಳಕೊಂಡವನ ಸಂಕಟವು ಸುಳ್ಳಲ್ಲ. ವರುಷದ ದುಡಿಮೆಯು ಒಂದು ಮುಂಜಾನೆಯಲ್ಲಿ ನೆಲಕ್ಕೆ ಬಿದ್ದದ್ದನ್ನು ಕಂಡವನಿಗೆ ತಾಳ್ಮೆಯ ಉಪದೇಶವು ರುಚಿಸದು. ಆದರೆ ಸಂಕಟವು ಹೆಚ್ಚಾದಾಗಲೇ ಕಣ್ಣು ತಾನು ನೋಡಬಯಸಿದ್ದನ್ನು ನೋಡುವದು. ಆಗಲೇ ನಿಯಮವು ಬೇಕು.

ಈ ರೈಫಲ್ಲಿನ ನಿಜವಾದ ಕ್ಷೇತ್ರವು ಗುರಿಯಭ್ಯಾಸವೇ. ಒಲಿಂಪಿಕ್ ಪಂದ್ಯಗಳಲ್ಲಿ 50 ಮೀಟರು ದೂರದಲ್ಲಿ ಹತ್ತು ಅಂಕದ ವೃತ್ತವು 10.4 ಮಿಲಿಮೀಟರು ಮಾತ್ರ. ರೈಫಲ್ಲಿನ ಮೇಲೆ ದೂರದರ್ಶಕವು ಅಲ್ಲಿ ನಿಷಿದ್ಧ. 2024ರಲ್ಲಿ ಪ್ಯಾರಿಸಿನ ಪಂದ್ಯದಲ್ಲಿ ಭಾರತಕ್ಕೆ ಕಂಚಿನ ಪದಕವನ್ನು ತಂದ ಸ್ವಪ್ನಿಲ್ ಕುಸಾಳೆಯವರು ಸಣ್ಣ ರಂಧ್ರದ ಮೂಲಕ ಗುರಿ ನೋಡಿ ಹೊಡೆದರು. ಮಡಿಗಳನ್ನು ಏರಿಸಿದ್ದರಿಂದ ಬಂದ ಗೆಲುವಲ್ಲ ಅದು. ಉಸಿರನ್ನೂ ಕೈಯನ್ನೂ ಪಳಗಿಸಿದ್ದರಿಂದ ಬಂದದ್ದು.

ಹಾಗಾದರೆ ಆರಿಸತಕ್ಕದ್ದು ಯಾವದು? ಗುರಿಯಭ್ಯಾಸಕ್ಕೆ ಪರವಾನಗಿ ಪಡೆದವನಿಗೆ, ಸಂಘದ ಪಂದ್ಯದ ನಿಯಮವು ಒಪ್ಪುವಲ್ಲಿ, ನಾಲ್ಕು ಮಡಿಯ, 32 ಮಿಲಿಮೀಟರು ಮಸೂರದ ದೂರದರ್ಶಕವು ಸಾಕು. ಅದು ರಿಮ್‌ಫೈರಿಗೆಂದೇ ಮಾಡಿದ್ದಾಗಿರಲಿ. ಕಣ್ಣು ಸರಿದರೆ ಗುರಿಗೆರೆಯೂ ಸರಿದಂತೆ ತೋರುವ ದೋಷವನ್ನು ಅಂಥವುಗಳಲ್ಲಿ ಸುಮಾರು 50 ಗಜಕ್ಕೆ ಹೊಂದಿಸಿ ನಿವಾರಿಸಿರುವರು. ದೊಡ್ಡ ರೈಫಲ್ಲುಗಳದರಲ್ಲಿ ಅದು 100 ಗಜಕ್ಕೋ ಇನ್ನೂ ಹೆಚ್ಚಿಗೋ ಇರುವದು. ಬಿಗಿಯುವ ಹಿಡಿಕೆಗಳು ಗಟ್ಟಿಯಾಗಿರಲಿ. ಗುರಿಯ ಹಿಂದೆ ಗುಂಡನ್ನು ನುಂಗುವಷ್ಟು ಮಣ್ಣಿನ ದಿಬ್ಬವಿರಲಿ. ಉಳಿದ ಹಣದಿಂದ ಒಂದು ದುರ್ಬೀನನ್ನು ಕೊಂಡರೆ ಮನೆಯ ಮಕ್ಕಳು ಅದೇ ತೋಟದಲ್ಲಿ ಮಂಗಟ್ಟೆ ಹಕ್ಕಿಯನ್ನು ನೋಡಿಯಾರು. ಅದನ್ನು ಯಾರತ್ತ ತಿರುಗಿಸಿದರೂ ಯಾರಿಗೂ ಭಯವಿಲ್ಲ.