ಕಲಿಯುವ ಕಣ್ಣಿನ ಸಾಲ

ಮಡಿವಾಳದಲ್ಲಿ ರಾತ್ರಿ ಎಂಬುದು ಪೂರ್ತಿಯಾಗಿ ಆಗುವುದೇ ಇಲ್ಲ. ಒಂಬತ್ತು, ಹತ್ತು ಗಂಟೆಗೆ ತಮಿಳುನಾಡು, ಕೇರಳದ ಕಡೆ ಹೊರಡುವ ಖಾಸಗಿ ಬಸ್ಸುಗಳು ಹೊಸೂರು ರಸ್ತೆಯ ಅಂಚಿನಲ್ಲಿ ಸಾಲುಗಟ್ಟುತ್ತವೆ. ಹಗಲಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳಿದ ವಾಹನಗಳು ಮಧ್ಯರಾತ್ರಿ ದಾಟಿದ ಮೇಲೆ ಓಡತೊಡಗುತ್ತವೆ. ಆ ಓಟದ ಜೊತೆಗೆ ಆಂಬುಲೆನ್ಸಿನ ಸದ್ದು. ಹತ್ತಿರದಲ್ಲೇ ಸೇಂಟ್ ಜಾನ್ಸ್ ಆಸ್ಪತ್ರೆ ಇದೆ. ಹೊಸೂರು ರಸ್ತೆಯಲ್ಲೇ ಪೇಟೆಯ ಕಡೆ ಹೋದರೆ ನಿಮ್ಹಾನ್ಸ್. ಎರಡೂ ಗಾಯಾಳುಗಳನ್ನು ಉಳಿಸುವ ಜಾಗಗಳು, ಎರಡೂ ವೈದ್ಯರನ್ನು ತಯಾರು ಮಾಡುವ ಜಾಗಗಳು. ನಾನು ಕೇಳಬೇಕೆಂದಿರುವ ಪ್ರಶ್ನೆ ಯಾವುದೋ ಒಂದು ಆಸ್ಪತ್ರೆಯದ್ದಲ್ಲ, ಬೋಧನಾ ಆಸ್ಪತ್ರೆ ಎಂಬ ವ್ಯವಸ್ಥೆಯದ್ದು. ಉಳಿಸುವುದು ಮತ್ತು ಕಲಿಯುವುದು ಒಂದೇ ದೇಹದ ಮೇಲೆ, ಒಂದೇ ಗಳಿಗೆಯಲ್ಲಿ ನಡೆಯುವಾಗ ಆ ದೇಹಕ್ಕೆ ನಾವು ಕೊಡಬೇಕಾದದ್ದೇನು?

ಎಂ.ಡಿ. ರೇಡಿಯೋಡಯಾಗ್ನೋಸಿಸ್ ಮೂರು ವರ್ಷದ ಕೋರ್ಸು. ಅದನ್ನು ಓದುತ್ತಿರುವ ರೆಸಿಡೆಂಟ್ ವೈದ್ಯರೇ ಸಾಮಾನ್ಯವಾಗಿ ರಾತ್ರಿಯ ಸಿಟಿ ಸ್ಕ್ಯಾನುಗಳನ್ನು ಮೊದಲು ನೋಡುವವರು. ಅವರು ತಾತ್ಕಾಲಿಕ ರಿಪೋರ್ಟ್ ಕೊಡುತ್ತಾರೆ. ಬೆಳಿಗ್ಗೆ ಕನ್ಸಲ್ಟೆಂಟ್ ಬಂದು ಅದೇ ಚಿತ್ರಗಳನ್ನು ಮತ್ತೆ ನೋಡಿ ಒಪ್ಪುತ್ತಾರೆ ಇಲ್ಲವೇ ತಿದ್ದುತ್ತಾರೆ. ನಡುವಿನ ಐದಾರು ಗಂಟೆ ಕ್ಯಾಶುವಾಲಿಟಿಯಲ್ಲಿರುವವರ ಕೈಗೆ ಸಿಗುವುದು ಕಲಿಯುತ್ತಿರುವವರ ಮಾತು. ತಲೆಗೆ ಪೆಟ್ಟು ಬಿದ್ದವನ ವಿಷಯದಲ್ಲಿ ಆ ಐದಾರು ಗಂಟೆಯೇ ಎಲ್ಲವೂ ಆಗಿರಬಹುದು.

ಕಲಿಯಬೇಕಾದದ್ದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಉದಾಹರಣೆ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ ರೋಗಿಯೊಬ್ಬರ ಮೊದಲ ಸ್ಕ್ಯಾನ್ ಆದದ್ದು 1971ರ ಅಕ್ಟೋಬರಿನಲ್ಲಿ, ಲಂಡನ್ನಿನ ವಿಂಬಲ್ಡನ್ನಿನಲ್ಲಿ. ಅವನ ಹೆಸರಿನ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000, ಮಿದುಳು 30ರಿಂದ 40ರ ಆಸುಪಾಸು. ಹೊಸದಾಗಿ ಹೆಪ್ಪುಗಟ್ಟಿದ ರಕ್ತ 60ರ ಸುತ್ತಮುತ್ತ. ಅದು ಬೂದು ಮಿದುಳಿನ ಪಕ್ಕದಲ್ಲಿ ಬೆಳ್ಳಗೆ ಕಾಣುತ್ತದೆ. ಅದನ್ನು ಗುರುತಿಸಲು ಬೇಗ ಕಲಿಯಬಹುದು. ಆದರೆ ದಿನ ಕಳೆದಂತೆ ರಕ್ತದ ಬಿಳುಪು ಇಳಿಯುತ್ತದೆ. ಒಂದರಿಂದ ಮೂರು ವಾರದ ನಡುವೆ ಅದು ಮಿದುಳಿನ ಬಣ್ಣಕ್ಕೇ ಬಂದು ನಿಲ್ಲುತ್ತದೆ. ಬಚ್ಚಲಲ್ಲಿ ಜಾರಿಬಿದ್ದು ಹದಿನೈದು ದಿನವಾದ ಅಜ್ಜನನ್ನು, ಯಾಕೋ ಮಂಕಾಗಿದ್ದಾರೆ ಎಂದು ಕರೆತರುತ್ತಾರೆ. ತಲೆಯ ಎರಡೂ ಬದಿಗೆ ಸಮನಾಗಿ ರಕ್ತ ನಿಂತಿದ್ದರೆ ಮಿದುಳು ಯಾವ ಕಡೆಗೂ ವಾಲಿರುವುದಿಲ್ಲ. ಚಿತ್ರ ಅಚ್ಚುಕಟ್ಟಾಗಿಯೇ ಇರುತ್ತದೆ. ಸುಳಿವು ಒಂದೇ: ಎಂಬತ್ತು ವರ್ಷದವರ ಮಿದುಳಿನಲ್ಲಿ ಕಾಣಬೇಕಾದ ಸುಕ್ಕು, ಸಂದುಗಳು ಒತ್ತಿಹೋಗಿ ಅದು ಇಪ್ಪತ್ತರ ಹುಡುಗನದರಂತೆ ತುಂಬಿಕೊಂಡು ಕಾಣುತ್ತದೆ. ತಪ್ಪೇ ಇಲ್ಲದಿರುವುದೇ ತಪ್ಪು ಎಂದು ಕಣ್ಣಿಗೆ ಹೊಳೆಯಬೇಕು. ಪುಸ್ತಕದಲ್ಲಿ ಇದು ಎರಡು ಸಾಲು. ರಾತ್ರಿ ಮೂರು ಗಂಟೆಗೆ, ನಲವತ್ತನೆಯ ಸ್ಕ್ಯಾನಿನಲ್ಲಿ ಅದು ಹೊಳೆಯಬೇಕಾದರೆ ಕಣ್ಣು ಬಹಳಷ್ಟು ತಲೆಗಳನ್ನು ನೋಡಿರಬೇಕು.

ಮನುಷ್ಯರ ಮೇಲೆ ಕಲಿಯುವ ಮುಂಚೆ ಬೇರೆಡೆ ಕಲಿಯಿರಿ ಎಂಬುದು ಹಳೆಯ ವಿವೇಕ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿಗಳ ಮೇಲೂ, ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಗಳ ನಾಳ ಮತ್ತು ತಾವರೆಯ ದಂಟಿನ ಮೇಲೂ ಅಭ್ಯಾಸ ಮಾಡಬೇಕೆಂದು ಅದು ಹೇಳುತ್ತದೆ. ಇಂದಿನ ರೆಸಿಡೆಂಟ್‌ಗಳ ಸೋರೆಕಾಯಿ ಎಂದರೆ ಕಂಪ್ಯೂಟರಿನಲ್ಲಿ ಕೂಡಿಟ್ಟ ಹಳೆಯ ಸ್ಕ್ಯಾನುಗಳು. ಉತ್ತರ ಆಗಲೇ ಗೊತ್ತಿರುವುದರಿಂದ ಅಲ್ಲಿ ಯಾರಿಗೂ ಅಪಾಯವಿಲ್ಲ. ಇದನ್ನು ಇನ್ನಷ್ಟು ಬಳಸಬೇಕು, ನಿಜ. ಆದರೆ ಪಾಠಕ್ಕೆಂದು ಆರಿಸಿಟ್ಟ ಚಿತ್ರದಲ್ಲಿ ಏನೋ ಅಡಗಿದೆ ಎಂಬುದು ನೋಡುವವರಿಗೆ ಮೊದಲೇ ಗೊತ್ತು. ರಾತ್ರಿ ಡ್ಯೂಟಿಯಲ್ಲಿ ಹಾಗೆ ಮೊದಲೇ ಹೇಳುವವರು ಯಾರೂ ಇಲ್ಲ. ಎಲ್ಲ ಸರಿಯಾಗಿರುವ ಹತ್ತಾರು ಸ್ಕ್ಯಾನುಗಳ ನಡುವೆ ಸರಿಯಿಲ್ಲದ ಒಂದು ಬಂದುಹೋಗುತ್ತದೆ. ಆ ಎಚ್ಚರವನ್ನು ಸೋರೆಕಾಯಿ ಕಲಿಸುವುದಿಲ್ಲ.

ಹಾಗಾದರೆ ಯಾರೋ ಒಬ್ಬರ ತಲೆಯ ಮೇಲೆ ಕಲಿಯಲೇಬೇಕು. ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮರ್ಥನೆ ಲೆಕ್ಕಾಚಾರದ್ದು: ಇವತ್ತು ಇವರ ಮೇಲೆ ಕಲಿತರೆ ನಾಳೆ ಸಾವಿರ ಜನ ಉಳಿಯುತ್ತಾರೆ. ಲೆಕ್ಕ ಸರಿಯಿರಬಹುದು, ಆದರೆ ಆ ಲೆಕ್ಕಕ್ಕೆ ಸೇರಲು ಪ್ರಜ್ಞೆ ತಪ್ಪಿ ಮಲಗಿದವರನ್ನು ಯಾರೂ ಕೇಳಿಲ್ಲ, ಕೇಳಲು ಬರುವುದೂ ಇಲ್ಲ. ನಮ್ಮ ಪರಂಪರೆ ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ಎಣಿಸಿತು. ನಾವು ಇಂದು ನಂಬಿ ಹೋಗುವ ಪ್ರತಿಯೊಬ್ಬ ಒಳ್ಳೆಯ ವೈದ್ಯರ ಹಿಂದೆ ಅವರ ಕಲಿಕೆಗೆ ಒದಗಿದ ಗುರುತಿಲ್ಲದ ರೋಗಿಗಳಿದ್ದಾರೆ. ಅವರ ಋಣ ಆ ಪಟ್ಟಿಯಲ್ಲಿಲ್ಲ. ಅದನ್ನು ಸಾಲ ಎಂದು ಒಪ್ಪಿಕೊಂಡರೆ ಮಾತ್ರ ತೀರಿಸುವ ಪ್ರಶ್ನೆ ಏಳುತ್ತದೆ.

ಈ ಸಾಲ ಎಲ್ಲರ ಮೇಲೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದಕ್ಕೆ ನಮ್ಮ ಊರೇ ಸಾಕ್ಷಿ. 2002ರಲ್ಲಿ ಅರ್ಜುನ್ ಕಲ್ಯಾಣಪುರ ಮತ್ತು ಸುನೀತಾ ಮಹೇಶ್ವರಿ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಆರಂಭಿಸಿದರು. ಅಮೆರಿಕದ ಆಸ್ಪತ್ರೆಗಳಲ್ಲಿ ರಾತ್ರಿ ತೆಗೆದ ಸ್ಕ್ಯಾನುಗಳನ್ನು ಇಲ್ಲಿ ಹಗಲಿನಲ್ಲಿ ಓದಿ ಕೂಡಲೇ ವರದಿ ಕಳಿಸುವುದು ಅದರ ಮೂಲ ಕೆಲಸ. ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿ ಕಳೆದಾಗ ಇಲ್ಲಿ ಹತ್ತು ಗಂಟೆಯ ಬಿಸಿಲು. ನಿದ್ದೆ ಮುಗಿಸಿ ಬಂದ ಪರಿಣತ ಕಣ್ಣು. ಅಲ್ಲಿನವರು ತಮ್ಮ ರಾತ್ರಿಯ ದಣಿವನ್ನು ಒಂದು ಸಮಸ್ಯೆ ಎಂದು ಎಣಿಸಿ, ಭೂಮಿಯ ಇನ್ನೊಂದು ಬದಿಯ ಹಗಲನ್ನು ಕೊಂಡರು. ಅದು ಜಾಣ ಪರಿಹಾರ, ಅದರಲ್ಲಿ ತಪ್ಪಿಲ್ಲ. ಆದರೆ ಇದೇ ಊರಿನ ರಾತ್ರಿಯನ್ನು ಅದೇ ಹೊತ್ತಿನ ದಣಿದ ಕಣ್ಣುಗಳೇ ಓದಬೇಕು. 1992ರ ಕೇಂದ್ರ ಸರ್ಕಾರದ ರೆಸಿಡೆನ್ಸಿ ನಿಯಮ, ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಎಂದಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ‘ಸಮಂಜಸವಾದ’ ಕೆಲಸದ ಅವಧಿ, ‘ಸಮಂಜಸವಾದ’ ವಿಶ್ರಾಂತಿ ಎನ್ನುತ್ತದೆ. ಸಂಖ್ಯೆಯ ಜಾಗದಲ್ಲಿ ವಿಶೇಷಣ ಬಂದು ಕೂತಾಗ ಅದರ ಅರ್ಥವನ್ನು ತೀರ್ಮಾನಿಸುವವರು ಡ್ಯೂಟಿ ಹಾಕುವವರು.

ದಣಿಯದ ತಜ್ಞರಿದ್ದರೆ ಎಲ್ಲ ಸರಿಹೋಗುತ್ತದೆಯೇ? ಅದೂ ಇಲ್ಲ. 2013ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ, ಶ್ವಾಸಕೋಶದ ಗಂಟುಗಳನ್ನು ಹುಡುಕಲು 24 ರೇಡಿಯಾಲಜಿಸ್ಟರಿಗೆ ಸ್ಕ್ಯಾನುಗಳನ್ನು ಕೊಟ್ಟಿದ್ದರು. ಒಂದರಲ್ಲಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾದ ಚಿತ್ರ ಸೇರಿಸಿದ್ದರು. 20 ಜನರಿಗೆ ಅದು ಕಾಣಲಿಲ್ಲ. ಅವರಲ್ಲಿ ಹಲವರ ಕಣ್ಣು ನೇರವಾಗಿ ಗೊರಿಲ್ಲಾದ ಮೇಲೇ ಹಾದುಹೋಗಿತ್ತು. ಕಲಿತವರು ತಪ್ಪುವುದಿಲ್ಲ, ಕಲಿಯುವವರು ತಪ್ಪುತ್ತಾರೆ ಎಂಬ ಗೆರೆ ಅಷ್ಟು ನೇರವಾಗಿಲ್ಲ. ಹಾಗಿದ್ದರೆ ತರಬೇತಿ ಕೊಡಬೇಕಾದದ್ದು ಕಣ್ಣಿಗೆ ಮಾತ್ರವಲ್ಲ, ಸಂಶಯಕ್ಕೂ.

ರೇಡಿಯಾಲಜಿ ಓದುತ್ತಿರುವ ಗೆಳತಿಯೊಬ್ಬಳು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದಿದೆ: “ಗೊತ್ತಿಲ್ದೇ ಇರೋದು ಕಷ್ಟ ಅಲ್ಲ ಕಣೇ. ಗೊತ್ತಿಲ್ಲ ಅಂತ ರಾತ್ರಿ ಮೂರು ಗಂಟೆಗೆ ಮೇಡಮ್ಮಿಗೆ ಫೋನ್ ಮಾಡೋದು ಕಷ್ಟ.” ಇಷ್ಟು ಸಣ್ಣದಕ್ಕೆ ಎಬ್ಬಿಸಿದೆಯಾ ಎಂಬ ಮಾತನ್ನು ಒಮ್ಮೆ ಕೇಳಿದವರು ಮುಂದಿನ ಸಲ ಫೋನಿನ ಬದಲು ರಿಪೋರ್ಟಿನ ಕೊನೆಗೆ ಒಂದು ಸಾಲು ಸೇರಿಸುತ್ತಾರೆ: ಪ್ಲೀಸ್ ಕೋರಿಲೇಟ್ ಕ್ಲಿನಿಕಲಿ. ರೋಗಿಯ ಲಕ್ಷಣಗಳ ಜೊತೆ ಹೊಂದಿಸಿ ನೋಡಿ ಎಂದರ್ಥ. ಸರಿಯಾದ ಜಾಗದಲ್ಲಿ ಅದು ಅರ್ಥಪೂರ್ಣ ಸಲಹೆ. ಹೆದರಿಕೆಯಿಂದ ಬರೆದಾಗ ಅದೇ ಸಾಲು ಬರೆದವರ ಕೊಡೆಯಾಗುತ್ತದೆ. ‘ಎಡಬದಿಯಲ್ಲಿ ತೆಳುವಾಗಿ ರಕ್ತ ಇರಬಹುದು, ನನಗೆ ಖಚಿತವಿಲ್ಲ, ಮನೆಗೆ ಕಳಿಸಬೇಡಿ, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿ’ ಎಂಬುದೂ ಸಂಶಯವೇ. ಎರಡರಲ್ಲೂ ಅರಿವಿನ ಮಟ್ಟ ಒಂದೇ ಇರಬಹುದು. ಮೊದಲನೆಯದು ಬರೆದವರನ್ನು ಕಾಯುತ್ತದೆ, ಎರಡನೆಯದು ಮಲಗಿದವರನ್ನು ಕಾಯುತ್ತದೆ. ನೈತಿಕ ವ್ಯತ್ಯಾಸವಿರುವುದು ಇಲ್ಲಿ. ಎರಡನೆಯ ಬಗೆಯ ಸಂಶಯವನ್ನು ಕಲಿಸಲು ಹೊಸ ಯಂತ್ರ ಬೇಕಿಲ್ಲ. ಎಬ್ಬಿಸಿದ್ದಕ್ಕೆ ಬೈಯದ ಹಿರಿಯರು ಬೇಕು.

ಆಗಲೂ ತಪ್ಪುಗಳಾಗುತ್ತವೆ. ಬೆಳಗಿನ ಕನ್ಸಲ್ಟೆಂಟ್ ರಾತ್ರಿಯ ರಿಪೋರ್ಟನ್ನು ತಿದ್ದಿದಾಗ ಆ ತಿದ್ದುಪಡಿ ಎರಡು ಕಡೆ ಹೋಗಬೇಕು. ಒಂದು, ಡ್ಯೂಟಿ ಮುಗಿಸಿ ಹಾಸ್ಟೆಲ್ ಸೇರಿದ ರೆಸಿಡೆಂಟ್‌ಗೆ: ಅವಮಾನವಾಗಿ ಅಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುವ ಪಾಠವಾಗಿ. ಇನ್ನೊಂದು, ರೋಗಿಗೆ. ಇದು ಮೊದಲನೆಯದಕ್ಕಿಂತ ಕಷ್ಟ. ಏಕೆಂದರೆ ‘ಏನೂ ಇಲ್ಲ’ ಎನ್ನಿಸಿಕೊಂಡ ಅಜ್ಜ ಅಷ್ಟು ಹೊತ್ತಿಗೆ ಮಗನ ಜೊತೆ ಹೊಸೂರಿನ ಬಸ್ಸು ಹತ್ತಿರಬಹುದು. ಯಾರಾದರೂ ಕಡತ ತೆಗೆದು, ನಂಬರು ಹುಡುಕಿ, ಎತ್ತುವವರೆಗೆ ಫೋನ್ ಮಾಡಿ, ‘ರಾತ್ರಿ ನಾವು ಹೇಳಿದ್ದು ಸರಿಯಿರಲಿಲ್ಲ, ದಯವಿಟ್ಟು ತಿರುಗಿ ಬನ್ನಿ’ ಎನ್ನಬೇಕು. ಆ ಫೋನ್ ಮಾಡುವುದು ಯಾರ ಕೆಲಸ ಎಂದು ಮೊದಲೇ ಗೊತ್ತುಮಾಡಿಟ್ಟ ಆಸ್ಪತ್ರೆಗೆ, ಅಜ್ಜನ ತಲೆಯ ಮೇಲೆ ಕಲಿಯುವ ಹಕ್ಕಿದೆ ಎಂದು ನಾನು ಒಪ್ಪುತ್ತೇನೆ.