ಜೇನು ಪಾಲಾಗುವ ಪರಿ



ವಸಂತವು ಗೃಹಸ್ಥನಿಗೆ ಬಿಡುವಿನ ಕಾಲವಲ್ಲ. ಮಲೆನಾಡಿನಲ್ಲಿ ಅಡಕೆಯ ಕೆಲಸ ಮುಗಿಯುತ್ತಲೇ, ಮುಂಗಾರು ಇಳಿಯುವ ಮುನ್ನ ಹೊಸ ಮನೆಯ ಗೋಡೆ ಏಳಬೇಕು, ಮಾಡಿಗೆ ಹಂಚು ಹೊದಿಸಬೇಕು. ಅದೇ ಸಮಯದಲ್ಲಿ ಕಾಡೆಲ್ಲ ಹೂವಾಗಿ, ಹಿತ್ತಿಲ ಪೆಟ್ಟಿಗೆಗಳಲ್ಲಿ ತುಡುವೆ ಜೇನು ಎರಿ ಕಟ್ಟುವ ಕಾಯಕದಲ್ಲಿ ತೊಡಗಿರುತ್ತದೆ. ಒಂದೇ ಹಿತ್ತಿಲಿನಲ್ಲಿ ಎರಡು ಮನೆಗಳು ಏಳುತ್ತಿರುವಾಗ, ದೊಡ್ಡ ಮನೆಯವರು ಚಿಕ್ಕ ಮನೆಯವರಿಂದ ಕಲಿಯಬೇಕಾದುದೇನೆಂದು ವಿಚಾರಿಸೋಣ.

ನಾವು ಕಲ್ಲನ್ನು ಗಣಿಯಿಂದ, ಮರವನ್ನು ಕಾಡಿನಿಂದ ತರುತ್ತೇವೆ. ಜೇನ್ನೊಣವಾದರೋ ತನ್ನ ಉದರದಡಿಯ ಗ್ರಂಥಿಗಳಿಂದ ಒಸರುವ ಮೇಣದಿಂದಲೇ ಆರು ಮೂಲೆಯ ಕೋಣೆಗಳನ್ನು ಕಟ್ಟುತ್ತದೆ. ದುಡಿಮೆಯ ಋತುವಿನಲ್ಲಿ ಕೆಲಸಗಾರ ನೊಣದ ಆಯುಷ್ಯ ಸುಮಾರು 6 ವಾರ ಮಾತ್ರ. ಅದು ವಸಂತದಲ್ಲಿ ಕೂಡಿಟ್ಟ ತುಪ್ಪವನ್ನು ಮಳೆಗಾಲದಲ್ಲಿ ಉಣ್ಣುವವರು ಅದರ ತರುವಾಯ ಹುಟ್ಟಿದವರು.

ಹೂವು ಹೇರಳವಾಗಿ, ಕುಟುಂಬ ಬೆಳೆದು, ಗೂಡು ಸಾಲದಾದಾಗ ಜೇನು ಇಬ್ಭಾಗವಾಗುತ್ತದೆ. ಇದನ್ನು ಜೇನು ಸಾಕುವವರು ‘ಪಾಲಾಗುವುದು’ ಎನ್ನುತ್ತಾರೆ. ಆಗ ಮನೆ ಬಿಟ್ಟು ಹೊರಡುವವರಾರು? ಹಳೆಯ ರಾಣಿಯೇ ಹೊರಡುತ್ತದೆ. ಕಟ್ಟಿದ ಎರಿ, ತುಂಬಿದ ತುಪ್ಪ, ಬೆಳೆಯುತ್ತಿರುವ ಮರಿಗಳು, ಎಲ್ಲವನ್ನೂ ಇನ್ನೂ ಕೋಶದಿಂದ ಹೊರಬಾರದ ಮಗಳಿಗೆ ಬಿಟ್ಟುಹೋಗುತ್ತದೆ. ಜೊತೆಗೆ ಹೋಗುವ ನೊಣಗಳು ಹೊಟ್ಟೆಯಲ್ಲಿ ಹಿಡಿಸುವಷ್ಟು ತುಪ್ಪವನ್ನು ಮಾತ್ರ ಒಯ್ದು, ಹೊಸ ಪೊಟರೆಯಲ್ಲಿ ಮೊದಲ ಎರಿಯಿಂದ ಮತ್ತೆ ಆರಂಭಿಸುತ್ತವೆ.

ನಮ್ಮ ಮನೆಗಳೂ ಪಾಲಾಗುತ್ತವೆ; ಆದರೆ ಎಂತು? ಒಂದು ಅಂಕಣದ ಅಗಲಕ್ಕಾಗಿ, ಬಾವಿಯ ನೀರಿಗಾಗಿ, ಅಜ್ಜಿಯ ಕಾಲದ ಕೊಪ್ಪರಿಗೆಗಾಗಿ ಒಡಹುಟ್ಟಿದವರು ನ್ಯಾಯಾಲಯದ ಕಟ್ಟೆ ಹತ್ತುತ್ತಾರೆ. ತಂದೆ ಕೀಲಿಕೈ ಬಿಡಲಾರ, ಮಗ ಕಾಯಲಾರ.

“ನೊಣಕ್ಕೆ ರೆಕ್ಕೆಗಳುಂಟು; ಮುಪ್ಪಿನಲ್ಲಿ ನಾವು ಮನೆ ಬಿಟ್ಟು ಎಲ್ಲಿಗೆ ಹೋಗೋಣ?” ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಮನೆಯ ಬಾಗಿಲನ್ನು ದಾಟಿ ಹೋಗಿರೆಂದು ನಾವು ಹೇಳುತ್ತಿಲ್ಲ; ‘ನಾನು ಕಟ್ಟಿಸಿದ್ದು’ ಎಂಬ ಹಮ್ಮನ್ನು ದಾಟಿ ಬನ್ನಿರಿ. ಕಿರಿಯರೂ ಒಂದು ಮಾತನ್ನು ಮರೆಯಬಾರದು. ಹಳೆಯ ರಾಣಿ ಒಂಟಿಯಾಗಿ ಹೋಗುವುದಿಲ್ಲ. ಕುಟುಂಬದ ದೊಡ್ಡ ಪಾಲು ಅದನ್ನು ಸುತ್ತುವರಿದು ಸಾಗುತ್ತದೆ. ಬಿಟ್ಟುಕೊಡುವುದು ಹಿರಿಯರ ಧರ್ಮವಾದರೆ, ಕೈಬಿಡದಿರುವುದು ಕಿರಿಯರ ಧರ್ಮ.

ಬಿಡುವ ಈ ಮನಸ್ಸು ಪಾಲಿನ ದಿನ ತಟ್ಟನೆ ಬಾರದು. ನಿತ್ಯದ ಸಂಪಾದನೆಯಲ್ಲಿಯೇ ಅದನ್ನು ರೂಢಿಸಿಕೊಳ್ಳಬೇಕು. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದರೆಂಬುದು ಶರಣರ ಕಥನ. ಜೇನು ತೆಗೆಯುವ ಕೈಗೂ ಇದೇ ನಿಯಮ. ಪೆಟ್ಟಿಗೆಯ ಮೇಲಂತಸ್ತಿನ ತುಪ್ಪ ನಮಗೆ. ಕೆಳಗಿನ ಮರಿಕೋಣೆಯದು ಅವುಗಳಿಗೆ. ಜಡಿಮಳೆಯ ದಿನಗಳಲ್ಲಿ ನೊಣ ಹೊರಗೆ ಹಾರಲಾರದು. ಆಸೆಯಿಂದ ಎಲ್ಲವನ್ನೂ ಹಿಂಡಿಕೊಂಡರೆ ಹಸಿದ ಕುಟುಂಬ ಪೆಟ್ಟಿಗೆಯನ್ನೇ ತೊರೆದುಹೋದೀತು.

1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗ ದಕ್ಷಿಣ ಭಾರತದಲ್ಲಿ ಹರಡಿ ಅಸಂಖ್ಯ ತುಡುವೆ ಕುಟುಂಬಗಳು ಅಳಿದವು. ಹಿತ್ತಿಲುಗಳಲ್ಲಿ ಪೆಟ್ಟಿಗೆಗಳು ಉಳಿದವು, ನೊಣಗಳು ಉಳಿಯಲಿಲ್ಲ. ನೊಣವಿಲ್ಲದ ಪೆಟ್ಟಿಗೆ ಬರಿಯ ಹಲಗೆ. ವ್ಯಾಜ್ಯದಲ್ಲಿ ಗೆದ್ದವನಿಗೂ ಗೋಡೆ ದಕ್ಕೀತು, ಅಣ್ಣ ದಕ್ಕಲಾರ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಕಂಡ ಬಗೆಯನ್ನು ಇಲ್ಲಿ ನೆನೆಯಬೇಕು: ಮನೆಯೆಂಬುದು ನಿಂತ ಗೋಡೆಯಲ್ಲಿಲ್ಲ, ಅದರೊಳಗೆ ಓಡಾಡುವ ಜೀವಗಳ ಒಲವಿನಲ್ಲಿದೆ.

ಆದುದರಿಂದ ಈ ವಸಂತದಲ್ಲಿ ಮನೆ ಕಟ್ಟುವ ಗೃಹಸ್ಥರು ಅವಶ್ಯವಾಗಿ ಕಟ್ಟಲಿ, ಗಟ್ಟಿಯಾಗಿ ಕಟ್ಟಲಿ. ಗೃಹಪ್ರವೇಶದ ದಿನ ಬಂದ ಜಂಗಮರಿಗೂ ಹಸಿದವರಿಗೂ ಉಣಬಡಿಸಿ, ದುಡಿದ ಕೂಲಿಕಾರರನ್ನು ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಲಿ. ಪಾಲಿನ ಮಾತು ಬಾಕಿಯಿರುವ ಮನೆಗಳಲ್ಲಿ ಹಿರಿಯರು ಮುಂಗಾರಿಗೆ ಮುನ್ನವೇ ಮಕ್ಕಳನ್ನು ಕರೆದು, ಪ್ರಸನ್ನಚಿತ್ತದಿಂದ ಅದನ್ನು ಮುಗಿಸಲಿ. ಕೀಲಿಕೈಯನ್ನು ಕೇಳುವ ಮೊದಲೇ ಕೊಟ್ಟ ಕೈಗೆ ಆ ಮನೆಯಲ್ಲಿ ಅನ್ನದ ಕೊರತೆಯಾಗದಿರಲಿ.