ಬೀದಿಗೊಬ್ಬ ನೀರುಗಂಟಿ

ಇಬ್ಬರು ಎದುರಾದರೆ ಮಳೆ ಬೆಳೆಯ ಮಾತೆತ್ತುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಬೆಂಗಳೂರಿನಲ್ಲಿ ಈಗ ಆ ಸ್ಥಾನವನ್ನು ಟ್ರಾಫಿಕ್ಕು ಆಕ್ರಮಿಸಿದೆ. ಎಷ್ಟು ಹೊತ್ತಿಗೆ ಹೊರಟಿರಿ, ಯಾವ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡಿರಿ, ಎಷ್ಟು ಹೊತ್ತು ನಿಂತಿರಿ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳದೆ ಯಾವ ಸಭೆಯೂ ಪ್ರಾರಂಭವಾಗುವುದಿಲ್ಲ. ಈ ಸಂಭಾಷಣೆಯಲ್ಲಿ ಒಂದು ವಿಶೇಷವುಂಟು. ಮಾತನಾಡುವವನು ಯಾವಾಗಲೂ ದಟ್ಟಣೆಯಲ್ಲಿ ಸಿಕ್ಕಿಕೊಂಡ ಪಾಪದವನು. ದಟ್ಟಣೆ ಎಂದರೆ ಅವನನ್ನುಳಿದ ಮಿಕ್ಕವರೆಲ್ಲ. ಹಿಂದಿನ ಕಾರಿನವನು ಮುಂದಿನವನನ್ನೂ ಮುಂದಿನವನು ತನ್ನ ಮುಂದಿನವನನ್ನೂ ಶಪಿಸುತ್ತ, ನಗರದಲ್ಲಿ ನೋಂದಣಿಯಾದ ಒಂದು ಕೋಟಿಗೂ ಮೀರಿದ ವಾಹನಗಳಲ್ಲಿ ದಟ್ಟಣೆಗೆ ಕಾರಣವಾದ ವಾಹನ ಒಂದೂ ಸಿಕ್ಕದಂತಾಗಿದೆ.

ಇದು ಇಂಜಿನಿಯರುಗಳ ಪಾಲಿನ ಕೆಲಸ ಎಂದು ನಾವು ನಂಬಿದ್ದೇವೆ. ರಸ್ತೆಯನ್ನು ಅಗಲಮಾಡಲಿ, ಸಾಲದಿದ್ದರೆ ಮೇಲ್ಸೇತುವೆ ಕಟ್ಟಲಿ, ಅದೂ ಸಾಲದಿದ್ದರೆ ನೆಲವನ್ನು ಕೊರೆಯಲಿ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆ 2010ರಲ್ಲಿ ತೆರೆಯಿತು. ಅದರ ಮೇಲೆ ನಗರದ ಕಡೆಗೆ ಬರುವವರು ಬೇಗ ಬಂದರು, ಸುಳ್ಳಲ್ಲ. ಬೇಗ ಬಂದು ಸಿಲ್ಕ್ ಬೋರ್ಡಿನ ಬಳಿ ನಿಂತರು. ದಾರಿ ಸಲೀಸಾಗಿದೆಯೆಂಬ ಸುದ್ದಿ ಹಬ್ಬಿದೊಡನೆ ನಿನ್ನೆಯವರೆಗೆ ಬಸ್ಸಿನಲ್ಲಿ ಹೋಗುತ್ತಿದ್ದವನು ಕಾರು ಕೊಳ್ಳುತ್ತಾನೆ. ಹತ್ತಿರದಲ್ಲಿ ಬಾಡಿಗೆಗಿದ್ದವನು ದೂರದಲ್ಲಿ ನಿವೇಶನ ಕೊಳ್ಳುತ್ತಾನೆ. ನಾಲ್ಕೈದು ವರ್ಷಗಳಲ್ಲಿ ಹೊಸ ರಸ್ತೆಯೂ ಹಳೆಯ ರಸ್ತೆಯ ಗತಿಗೆ ಬರುತ್ತದೆ. ಇದು ಬೆಂಗಳೂರಿನ ದುರದೃಷ್ಟವಲ್ಲ, ಲೋಕದ ಎಲ್ಲ ದೊಡ್ಡ ಊರುಗಳ ಅನುಭವ. ರಸ್ತೆಯನ್ನು ಎಷ್ಟೇ ಬೆಳೆಸಿದರೂ ಅದು ಮಿತವಾದ ವಸ್ತುವಾಗಿಯೇ ಉಳಿಯುತ್ತದೆ. ಮಿತವಾದುದನ್ನು ಬಹಳ ಮಂದಿ ಬಯಸಿದಾಗ ಕಟ್ಟುವ ಪ್ರಶ್ನೆಗಿಂತ ಹಂಚುವ ಪ್ರಶ್ನೆ ದೊಡ್ಡದು. ಹಂಚುವುದೆಂದ ಕೂಡಲೆ ನ್ಯಾಯದ ಮಾತು ಬರುತ್ತದೆ.

ಹಂಚಿಕೆ ನಮಗೆ ಹೊಸದೇನೂ ಅಲ್ಲ. ಹಳೆಯ ಮೈಸೂರಿನ ಕೆರೆಯ ಊರುಗಳಲ್ಲಿ ನೀರುಗಂಟಿ ಎಂಬವನೊಬ್ಬನಿದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಹರಿಸುವುದು ಅವನ ಕೆಲಸ. ತನ್ನ ಸರದಿ ಬರುವ ಮುಂಚೆ ರೈತನಾದವನು ತಾನಾಗಿ ಮಡೆ ಒಡೆಯುವಂತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಇಷ್ಟು ಕಾಳು ಸಲ್ಲುತ್ತಿತ್ತು. ಈ ಏರ್ಪಾಡನ್ನು ಹಾಡಿ ಹೊಗಳುವ ಚಪಲ ನನಗಿಲ್ಲ. ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತನಾಗಿದ್ದ, ಊರಿಗೆಲ್ಲ ನೀರು ಹಂಚುವವನು ಮೇಲುಕೇರಿಯ ಬಾವಿಯನ್ನು ಮುಟ್ಟುವಂತಿರಲಿಲ್ಲ. ಆದರೂ ಒಂದು ತಿಳಿವಳಿಕೆ ಅಲ್ಲಿತ್ತು: ಎಲ್ಲರಿಗೂ ಸೇರಿದ್ದನ್ನು ಕೈಗೆ ಸಿಕ್ಕಿದವರು ಸಿಕ್ಕಿದಷ್ಟು ಎಳೆದುಕೊಳ್ಳಲು ಬಿಟ್ಟರೆ ಕೊನೆಯ ಗದ್ದೆ ಒಣಗುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಪೊಲೀಸರಿದ್ದಾರೆ, ಸಿಗ್ನಲ್ಲುಗಳಿವೆ, ಕ್ಯಾಮೆರಾಗಳಿವೆ. ನೀರುಗಂಟಿ ಇಲ್ಲ.

ಗದ್ದೆಗೆ ತಕ್ಕಷ್ಟು ನೀರು ಎಂಬುದು ಕೆರೆಯ ಕಟ್ಟಳೆ. ರಸ್ತೆಯಲ್ಲಿ ಗದ್ದೆ ಯಾವುದು? ವಾಹನವೋ, ಮನುಷ್ಯನೋ? ನನ್ನ ಮಟ್ಟಿಗೆ ಇಡೀ ಸಮಸ್ಯೆ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ನಗರದ ಬಸ್ಸು ಸುಮಾರು 12 ಮೀಟರು ಉದ್ದ. ಮೂರು ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ಅಷ್ಟೇ ಜಾಗ ಬೇಕು. ಆ ಮೂರು ಕಾರುಗಳಲ್ಲಿ ನಾಲ್ವರೋ ಐವರೋ ಇರುತ್ತಾರೆ. ಬಸ್ಸಿನಲ್ಲಿ ಬೆಳಗಿನ ಹೊತ್ತು ಐವತ್ತು ಅರವತ್ತು ಮಂದಿ. ಸಿಗ್ನಲ್ಲಿನಲ್ಲಿ ಈ ಎರಡೂ ಗುಂಪುಗಳು ಸಮಾನವಾಗಿ ಕಾಯುತ್ತವೆ. ನೋಡುವುದಕ್ಕೆ ಇದು ಸಮಾನತೆ. ಲೆಕ್ಕ ಹಾಕಿದರೆ ಕಾರಿನವನಿಗೆ ಬಸ್ಸಿನವನ ಹತ್ತರಷ್ಟು ರಸ್ತೆ ಸಂದಿದೆ. ರಸ್ತೆಯನ್ನು ವಾಹನಗಳಿಗಲ್ಲ, ಜನರಿಗೆ ಹಂಚಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ನೀತಿಗಳನ್ನು ಬರೆಯುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ.

ಈ ನೀತಿಯನ್ನು ನೆಲದ ಮೇಲೆ ತಂದಾಗ ಏನಾಯಿತೆಂಬುದಕ್ಕೆ ದೆಹಲಿಯನ್ನು ನೋಡಬೇಕು. ಅಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 2008ರಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥ ಮಾಡಿದರು. ಪಕ್ಕದಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರಲು ಬಸ್ಸುಗಳು ನಿರಾತಂಕವಾಗಿ ಸಾಗಿದವು. ಕಣ್ಣೆದುರಿಗೆ ಇಂಥ ವಿಪರೀತ ನಡೆದರೆ ಸಹಿಸುವುದು ಹೇಗೆ? ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಕಾರಿನಲ್ಲಿ ಹೋಗುವವರು ದೇಶಕ್ಕೆ ಸಂಪತ್ತು ಸೃಷ್ಟಿಸುವವರು, ಅವರ ಹೊತ್ತು ಹೆಚ್ಚು ಬೆಲೆಯುಳ್ಳದ್ದು ಎಂಬ ವಾದ ಅಲ್ಲಿ ಮಂಡಿತವಾಯಿತು. 2012ರಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಆದರೆ 2016ರಲ್ಲಿ ಆ ಪಥವನ್ನೇ ಕಿತ್ತುಹಾಕಿದರು. ಪಥದ ರಚನೆಯಲ್ಲಿ ದೋಷಗಳಿದ್ದವು, ಒಪ್ಪೋಣ. ಅದಕ್ಕಿಂತ ನನ್ನನ್ನು ಕಾಡುವುದು ಆ ವಾದ. ಅದನ್ನು ಆಡಿದವನು ಕನಿಷ್ಠಪಕ್ಷ ಪ್ರಾಮಾಣಿಕ. ನಮ್ಮಲ್ಲಿ ಅನೇಕರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಯಲ್ಲಿ ಮೇಲ್ಸೇತುವೆ ಕೇಳುತ್ತೇವೆ. ಮನೆಗೆಲಸದ ಹೆಂಗಸು ಅರ್ಧ ಗಂಟೆ ತಡವಾಗಿ ಬಂದರೆ ಒಂದು ಮನೆಯ ಕೆಲಸವನ್ನೇ ಕಳೆದುಕೊಳ್ಳಬಹುದು. ಅದೇ ಅರ್ಧ ಗಂಟೆ ತಡವಾದ ಅಧಿಕಾರಿ ಟ್ರಾಫಿಕ್ಕಿನ ಕತೆ ಹೇಳಿ ಕಾಫಿ ತರಿಸಿಕೊಳ್ಳುತ್ತಾನೆ. ಯಾರ ಹೊತ್ತಿಗೆ ಬೆಲೆ ಹೆಚ್ಚು?

ಬೆಂಗಳೂರಿನಲ್ಲಿಯೂ ಈ ಪ್ರಯೋಗ ನಡೆಯದೆ ಇಲ್ಲ. 2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸುಗಳಿಗೆಂದು ಪಥವನ್ನು ಬೇರ್ಪಡಿಸಿದರು. ಅನಂತರ ಸಾಂಕ್ರಾಮಿಕ ಬಂತು, ಮೆಟ್ರೋ ಕಾಮಗಾರಿ ಬಂತು, ಪಥ ಉಳಿಯಲಿಲ್ಲ. ಅದು ಹೋದುದಕ್ಕೆ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಬಸ್ಸಿನವರು ಗಲಾಟೆ ಮಾಡುವವರಲ್ಲ. ಅವರಿಗೆ ಮುಂದಿನ ಬಸ್ಸು ಹಿಡಿಯುವ ಅವಸರ.

ಚಲಿಸುವ ವಾಹನದ ಮಾತಾಯಿತು. ನಿಂತ ವಾಹನದ್ದು ಇನ್ನೂ ವಿಚಿತ್ರ. ಒಂದು ಕಾರನ್ನು ನಿಲ್ಲಿಸಲು ಹತ್ತು ಹನ್ನೆರಡು ಚದರ ಮೀಟರು ಬೇಕು. ಅಷ್ಟಗಲದ ಕೋಣೆಗೆ ಈ ಊರಿನಲ್ಲಿ ಬಾಡಿಗೆ ಎಷ್ಟೆಂದು ಓದುಗರಿಗೆ ಗೊತ್ತು. ಆದರೆ ಕಾರು ಹಗಲೂ ರಾತ್ರಿಯೂ ಬೀದಿಯಲ್ಲಿ ಬಿಟ್ಟಿಯಾಗಿ ವಾಸಿಸುತ್ತದೆ. ಅದೇ ಬೀದಿಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಂದು ಚದರ ಮೀಟರಿನಲ್ಲಿ ಕುಳಿತವಳನ್ನು ಸಂಚಾರಕ್ಕೆ ಅಡ್ಡಿಯೆಂದು ಎಬ್ಬಿಸುತ್ತೇವೆ. ಜಪಾನಿನಲ್ಲಿ 1962ರಿಂದ ಒಂದು ಕಾನೂನಿದೆ: ಕಾರನ್ನು ನಿಲ್ಲಿಸಲು ಜಾಗವಿದೆಯೆಂದು ತೋರಿಸದೆ ಅದನ್ನು ನೋಂದಾಯಿಸುವಂತಿಲ್ಲ. ಇಲ್ಲಿ ಅಷ್ಟು ಒಮ್ಮೆಗೇ ಆಗದಿದ್ದರೆ ಬೀದಿಯಲ್ಲಿ ನಿಲ್ಲಿಸುವುದಕ್ಕೆ ನ್ಯಾಯವಾದ ಬಾಡಿಗೆಯನ್ನಾದರೂ ವಸೂಲು ಮಾಡಬಹುದು.

ಸಿಂಗಪುರ 1975ರಲ್ಲಿಯೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೆಳಗಿನ ಹೊತ್ತು ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ಸುಂಕ ವಿಧಿಸಿತು. ನಾಲ್ವರು ಕುಳಿತು ಬಂದ ಕಾರಿಗೆ ಆಗ ಸುಂಕವಿರಲಿಲ್ಲ; ಗದ್ದೆ ಯಾವುದೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ಲಂಡನ್ನು 2003ರಲ್ಲಿ ಅದೇ ದಾರಿ ಹಿಡಿಯಿತು. ಸುಂಕ ಹಾಕಿದರೆ ರಸ್ತೆ ಹಣವಂತರ ಸ್ವತ್ತಾಗುವುದಿಲ್ಲವೆ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಸಂಗ್ರಹವಾದ ಹಣ ಬಸ್ಸುಗಳಿಗೂ ಕಾಲುದಾರಿಗಳಿಗೂ ಹೋಗದೆ ಬೊಕ್ಕಸದಲ್ಲಿ ಕರಗುವುದಾದರೆ ನಾನೂ ಆ ಆಕ್ಷೇಪಣೆಯ ಪಕ್ಷವೇ. ಆದ್ದರಿಂದ ಮೊದಲು ಬಸ್ಸಿನ ಪಥ, ಅನಂತರ ನಿಲುಗಡೆಯ ಬಾಡಿಗೆ, ಸುಂಕ ಕೊನೆಗೆ.

ಇಷ್ಟು ಹೇಳಿ, ಎಲ್ಲರೂ ನಾಳೆಯಿಂದ ಬಸ್ಸಿನಲ್ಲಿ ಹೋಗಿರಿ ಎಂದು ಉಪದೇಶಿಸುವುದು ಸುಲಭ. ಆ ಉಪದೇಶ ನನಗೆ ಒಪ್ಪಿಗೆಯಿಲ್ಲ. ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವ ತಾಯಿಗೆ ಸ್ಕೂಟರು ವಿಲಾಸವಲ್ಲ. ಬಸ್ಸು ಬರುವುದೇ ಅನುಮಾನವಾದ ಬಡಾವಣೆಯಲ್ಲಿ ಬಸ್ಸಿಗೆ ಕಾಯುವುದು ಸದ್ಗುಣವೂ ಅಲ್ಲ. ಒಬ್ಬನೇ ಕಾರು ಬಿಟ್ಟರೆ ಅವನ ಜಾಗಕ್ಕೆ ಇನ್ನೊಬ್ಬನ ಕಾರು ಬರುತ್ತದೆ, ಅಷ್ಟೆ. ನೀರುಗಂಟಿಯಿಲ್ಲದ ಊರಿನಲ್ಲಿ ಸರದಿ ಕಾಯುವ ರೈತನನ್ನು ಸಜ್ಜನನೆಂದು ಹೊಗಳಬಹುದು, ಅವನ ಗದ್ದೆ ಮಾತ್ರ ಒಣಗುತ್ತದೆ. ಆದರೆ ಕಟ್ಟಳೆ ತರುವ ಕಾಲಕ್ಕೆ ಅದನ್ನು ವಿರೋಧಿಸದಿರುವುದು ನಮ್ಮ ಕೈಯಲ್ಲಿದೆ. ನಮ್ಮ ಬೀದಿಯಲ್ಲಿ ಕಾಲುದಾರಿ ಅಗಲವಾಗಿ ಕಾರಿನ ಜಾಗ ಕಿರಿದಾದಾಗ ಅರ್ಜಿ ಹಿಡಿದು ಹೊರಡುವವರು ಅಕ್ಷರಸ್ಥರೇ. ಕಾಲುದಾರಿಯಲ್ಲಿ ನಡೆಯುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿತು. ನಡೆಯುವ ಹಕ್ಕನ್ನೂ ನ್ಯಾಯಾಲಯ ಹೇಳಿಕೊಡಬೇಕಾಯಿತು!

ಹೊರವರ್ತುಲ ರಸ್ತೆಯಲ್ಲಿ ಮೆಟ್ರೋ ಕಾಮಗಾರಿಯ ಬೇಲಿಗಳು ಸರಿದಂತೆ ರಸ್ತೆ ಮತ್ತೆ ಅಗಲವಾಗಿ ಕಾಣುತ್ತದೆ. ಆ ಜಾಗವನ್ನು ಕಾರುಗಳು ತುಂಬಲು ಒಂದು ವಾರ ಸಾಕು. ಅದಕ್ಕೆ ಮುಂಚೆಯೇ ಹಳೆಯ ಬಸ್ಸಿನ ಪಥವನ್ನು ಗೊತ್ತುಮಾಡಿದರೆ, ರೋಗಿಯನ್ನು ಹೊತ್ತ ಆಂಬುಲೆನ್ಸೂ ಅದರಲ್ಲಿಯೇ ಹೋಗಬಹುದು. ಬೇಕಾಗುವುದು ಒಂದಿಷ್ಟು ಬಣ್ಣ, ಕೆಲವು ಗೂಟಗಳು, ಮತ್ತು ಗೆರೆ ದಾಟಿದ ದೊಡ್ಡ ಕಾರನ್ನೂ ತಡೆದು ನಿಲ್ಲಿಸಲು ಅಧಿಕಾರವುಳ್ಳ ಒಬ್ಬ ಪೇದೆ.